ಹಂದಿಯಲ್ಲಿ ಗೆದ್ದ ಸ್ಟೆಂಟ್, ಇಲಿಯಲ್ಲಿ ಕರಗಿದ ಪ್ಲಾಕ್: ಮನುಷ್ಯರಿಗೆ ಬರುವಾಗ ಏನಾಗುತ್ತದೆ?

ಪ್ರಶ್ನೆ: ನನ್ನ ತಂದೆಯವರಿಗೆ 64 ವರ್ಷ. ಎಂಟು ತಿಂಗಳ ಹಿಂದೆ ಹೃದಯಾಘಾತವಾಗಿ, ಹೃದಯದ ಒಂದು ಮುಖ್ಯ ರಕ್ತನಾಳಕ್ಕೆ ಔಷಧಲೇಪಿತ ಸ್ಟೆಂಟ್ ಹಾಕಿದ್ದಾರೆ. ಇನ್ನೊಂದು ನಾಳದಲ್ಲಿ ಅರ್ಧದಷ್ಟು ಬ್ಲಾಕ್ ಇದೆ, ಸದ್ಯಕ್ಕೆ ಮಾತ್ರೆಯಲ್ಲೇ ನೋಡೋಣ ಎಂದಿದ್ದಾರೆ. ತಾನಾಗಿ ಕರಗಿಹೋಗುವ ಸ್ಟೆಂಟ್ ಹಂದಿಗಳಲ್ಲಿ ಯಶಸ್ವಿಯಾಗಿದೆ, ರಕ್ತನಾಳವನ್ನು ಕಟ್ಟಿಸುವ ಕೊಬ್ಬಿನ ಗಡ್ಡೆಯನ್ನು, ಅಂದರೆ ಪ್ಲಾಕನ್ನು, ಕರಗಿಸುವ ಔಷಧ ಇಲಿಗಳಲ್ಲಿ ಕೆಲಸ ಮಾಡಿದೆ ಎಂಬ ಸುದ್ದಿಗಳನ್ನು ಆಗಾಗ ಓದುತ್ತೇನೆ. ಇವು ನಮ್ಮ ಕೈಗೆ ಬರಲು ಇಷ್ಟು ತಡವೇಕೆ? ಎರಡನೆಯ ಬ್ಲಾಕಿನ ಚಿಕಿತ್ಸೆಗೆ ಅವು ಬರುವವರೆಗೆ ಕಾಯುವುದು ಒಳ್ಳೆಯದೇ? ಹಂದಿಗಳಲ್ಲಿ ಒಂದು ತಿಂಗಳಲ್ಲೇ ಸ್ಟೆಂಟಿನ ಗಾಯ ಮಾಯುತ್ತದೆ ಎಂದೂ ಓದಿದೆ. ಹಾಗಾದರೆ ತಂದೆಯವರು ರಕ್ತ ಹೆಪ್ಪುಗಟ್ಟದಂತೆ ತೆಗೆದುಕೊಳ್ಳುತ್ತಿರುವ ಎರಡು ಮಾತ್ರೆಗಳಲ್ಲಿ ಒಂದನ್ನು ಈಗ ನಿಲ್ಲಿಸಬಹುದೇ?

ಉತ್ತರ: ನಿಮ್ಮ ಕೊನೆಯ ಎರಡು ಪ್ರಶ್ನೆಗಳಿಗೆ ಮೊದಲೇ ಹೇಳಿಬಿಡುತ್ತೇನೆ: ಕಾಯಬೇಡಿ, ಮತ್ತು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಕಾರಣ ತಿಳಿಯಬೇಕಾದರೆ ಪ್ರಾಣಿಗಳ ಮೇಲಿನ ಪ್ರಯೋಗ ಯಾವುದನ್ನು ಹೇಳಬಲ್ಲದು, ಯಾವುದನ್ನು ಹೇಳಲಾರದು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ. ಹಂದಿಯಲ್ಲಿ ಗೆದ್ದ ಚಿಕಿತ್ಸೆ ಮನುಷ್ಯರಲ್ಲಿ ಸೋತಾಗ ಪ್ರಯೋಗವೇ ಸುಳ್ಳಾಗಿತ್ತು ಎಂದು ಜನ ಭಾವಿಸುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಅದು ಸುಳ್ಳಾಗಿರುವುದಿಲ್ಲ. ಕೇಳಿದ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರಿಸಿರುತ್ತದೆ, ನಾವು ಆ ಉತ್ತರವನ್ನು ಕೇಳದೇ ಇದ್ದ ಪ್ರಶ್ನೆಗೂ ಅನ್ವಯಿಸಿಕೊಂಡಿರುತ್ತೇವೆ.

ಬಲೂನನ್ನು ಉಬ್ಬಿಸಿ ಸ್ಟೆಂಟನ್ನು, ಅಂದರೆ ನಾಳವನ್ನು ತೆರೆದಿಡುವ ಸಣ್ಣ ಜಾಲರಿಯ ಕೊಳವೆಯನ್ನು, ಕೂರಿಸುವುದೆಂದರೆ ರಕ್ತನಾಳದ ಗೋಡೆಗೆ ಉದ್ದೇಶಪೂರ್ವಕವಾಗಿ ಒಂದು ಗಾಯ ಮಾಡಿದಂತೆಯೇ ಸರಿ. ನಾಳದ ಒಳಮೈಯನ್ನು ಹೊದ್ದಿರುವ ಒಂದೇ ಜೀವಕೋಶದಷ್ಟು ದಪ್ಪದ ಒಳಪೊರೆ ಹರಿಯುತ್ತದೆ, ಅಲ್ಲಿ ರಕ್ತದ ಕಣಗಳು ಅಂಟಿಕೊಳ್ಳುತ್ತವೆ, ಉರಿಯೂತ ಶುರುವಾಗುತ್ತದೆ, ಬಳಿಕ ಗೋಡೆಯ ಮಧ್ಯಪದರದಲ್ಲಿರುವ ಸ್ನಾಯುಕೋಶಗಳು ಒಳಕ್ಕೆ ಸರಿದು ಬೆಳೆಯತೊಡಗುತ್ತವೆ. ಈ ಬೆಳವಣಿಗೆ ಹಿತಮಿತವಾಗಿದ್ದರೆ ಗಾಯ ಮಾಯುತ್ತದೆ, ಅತಿಯಾದರೆ ನಾಳ ಮತ್ತೆ ಕಿರಿದಾಗುತ್ತದೆ. 1977ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ಮನುಷ್ಯನ ಹೃದಯನಾಳದಲ್ಲಿ ಮೊದಲ ಬಾರಿಗೆ ಬಲೂನ್ ಉಬ್ಬಿಸುವ ಮುನ್ನ ಅದನ್ನು ನಾಯಿಗಳ ಹೃದಯನಾಳಗಳಲ್ಲಿ ಪರೀಕ್ಷಿಸಿದ್ದರು. 1986ರಲ್ಲಿ ಫ್ರಾನ್ಸಿನ ಝಾಕ್ ಪ್ಯುಯೆಲ್ ಮತ್ತು ಸ್ವಿಟ್ಜರ್ಲೆಂಡಿನ ಉಲ್ರಿಚ್ ಸಿಗ್ವಾರ್ಟ್ ಮೊದಲ ಸ್ಟೆಂಟ್‌ಗಳನ್ನು ಅಳವಡಿಸುವ ಹಿಂದೆಯೂ ಪ್ರಾಣಿಗಳ ಮೇಲಿನ ಕೆಲಸವಿತ್ತು. ಆ ಕಾಲದ ದೊಡ್ಡ ತಲೆನೋವು ಮರುಕಿರಿದಾಗುವಿಕೆ. ಬರೀ ಬಲೂನಿನಿಂದ ತೆರೆದ ನಾಳಗಳಲ್ಲಿ ಮೂರನೆಯ ಒಂದು ಭಾಗದಷ್ಟು ಕೆಲವೇ ತಿಂಗಳುಗಳಲ್ಲಿ ಮತ್ತೆ ಕಟ್ಟಿಕೊಳ್ಳುತ್ತಿದ್ದವು. ಔಷಧವಿಲ್ಲದ ಲೋಹದ ಸ್ಟೆಂಟ್ ಬಂದ ಮೇಲೆಯೂ ಈ ಸಂಖ್ಯೆ ನೂರಕ್ಕೆ 20ರಿಂದ 30ರಷ್ಟಿತ್ತು.

ಈ ಸಮಸ್ಯೆಯನ್ನು ಅಭ್ಯಸಿಸಲು ಸಂಶೋಧಕರು ಮೊದಮೊದಲು ಹೆಚ್ಚಾಗಿ ನೆಚ್ಚಿಕೊಂಡದ್ದು ಇಲಿಯ ಕುತ್ತಿಗೆಯ ರಕ್ತನಾಳವನ್ನು. ಸಿಲಾಝಪ್ರಿಲ್ ಎಂಬ ರಕ್ತದೊತ್ತಡದ ಔಷಧವನ್ನು ಕೊಟ್ಟಾಗ ಬಲೂನಿನಿಂದ ಗಾಯಗೊಂಡ ಇಲಿಗಳ ನಾಳದಲ್ಲಿ ಅಂಗಾಂಶದ ಬೆಳವಣಿಗೆ ಗಮನಾರ್ಹವಾಗಿ ಕುಗ್ಗಿತು ಎಂಬ ಫಲಿತಾಂಶ 1989ರಲ್ಲಿ ಪ್ರಕಟವಾದಾಗ ಹುಟ್ಟಿದ ಭರವಸೆ ಸಣ್ಣದಲ್ಲ. 1992ರಲ್ಲಿ, ಸುಮಾರು 700 ರೋಗಿಗಳನ್ನೊಳಗೊಂಡ ಮರ್ಕೇಟರ್ ಎಂಬ ಯುರೋಪಿನ ಅಧ್ಯಯನದಲ್ಲಿ ಅದೇ ಔಷಧದಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ದೇಹತೂಕದ ಲೆಕ್ಕದಲ್ಲಿ ಇಲಿಗಳಿಗೆ ಕೊಟ್ಟ ಪ್ರಮಾಣ ಮನುಷ್ಯರಿಗೆ ಕೊಟ್ಟದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಆರೋಗ್ಯವಂತ ಇಲಿಯ ತೆಳುವಾದ ನಾಳದಲ್ಲಿ ನಡೆಯುವ ಕ್ರಿಯೆ, ದಶಕಗಳಿಂದ ಕೊಬ್ಬು, ನಾರು, ಸುಣ್ಣ ತುಂಬಿಕೊಂಡ ಮನುಷ್ಯನ ನಾಳದಲ್ಲಿ ಹಾಗೆಯೇ ನಡೆಯಬೇಕೆಂದೇನೂ ಇರಲಿಲ್ಲ.

ಇಂತಹ ಸೋಲುಗಳ ನಂತರ ಹಂದಿ ಮುನ್ನೆಲೆಗೆ ಬಂತು. ಹಂದಿಯ ಹೃದಯದ ಗಾತ್ರ, ಅದರ ರಕ್ತನಾಳಗಳ ಅಳತೆ ಮತ್ತು ಕವಲೊಡೆಯುವ ರೀತಿ ನಮ್ಮದಕ್ಕೆ ಬಹಳ ಹತ್ತಿರ, ಹಾಗಾಗಿ ಮನುಷ್ಯರಿಗೆಂದೇ ತಯಾರಾದ ಸ್ಟೆಂಟನ್ನು, ಅದೇ ತಂತಿ ಮತ್ತು ಬಲೂನುಗಳ ಮೂಲಕ, ಅರಿವಳಿಕೆ ಕೊಟ್ಟ ಹಂದಿಯಲ್ಲಿ ಅಳವಡಿಸಬಹುದು. ಅಮೆರಿಕದ ಮೇಯೋ ಕ್ಲಿನಿಕ್‌ನ ರಾಬರ್ಟ್ ಶ್ವಾರ್ಟ್ಸ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಒಂದು ಮುಖ್ಯ ಸಂಗತಿಯನ್ನು ತೋರಿಸಿಕೊಟ್ಟರು: ಸ್ಟೆಂಟಿನ ಎಳೆ ನಾಳದ ಗೋಡೆಯನ್ನು ಎಷ್ಟು ಆಳಕ್ಕೆ ಸೀಳಿದೆಯೋ, ಅದಕ್ಕೆ ಅನುಗುಣವಾಗಿ ಮೇಲೆ ಬೆಳೆಯುವ ಅಂಗಾಂಶದ ದಪ್ಪವೂ ಹೆಚ್ಚುತ್ತದೆ. ಪ್ರತಿಯೊಂದು ಎಳೆಯ ಕೆಳಗೆ ಆದ ಗಾಯಕ್ಕೆ 0ರಿಂದ 3ರವರೆಗೆ ಅಂಕ ಕೊಡುವ ಅವರ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಸಾಮಾನ್ಯವಾಗಿ 28ನೆಯ ದಿನ ಹಂದಿಯನ್ನು ಕೊಂದು, ಸ್ಟೆಂಟ್ ಸಹಿತ ನಾಳವನ್ನು ಗಟ್ಟಿಯಾದ ಪ್ಲಾಸ್ಟಿಕ್ ರಾಳದಲ್ಲಿ ಹುದುಗಿಸಿ, ಲೋಹದ ಎಳೆಗಳು ಕದಲದಂತೆ ಅಡ್ಡಲಾಗಿ ತೆಳುವಾಗಿ ಕತ್ತರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನಾಳದ ಒಳಹರವು ಎಷ್ಟು ಉಳಿದಿದೆ, ಎಳೆಗಳ ಮೇಲೆ ಹೊಸ ಒಳಪೊರೆ ಎಷ್ಟರಮಟ್ಟಿಗೆ ಹರಡಿದೆ, ಉರಿಯೂತದ ಕೋಶಗಳು ಎಲ್ಲಿ ಗುಂಪುಗೂಡಿವೆ, ಹೆಪ್ಪುಗಟ್ಟಿದ ರಕ್ತದ ನಾರು ಇನ್ನೂ ಕರಗದೆ ಉಳಿದಿದೆಯೇ ಎಂಬುದನ್ನೆಲ್ಲ ಅಳೆಯುತ್ತಾರೆ.

ಇಷ್ಟೆಲ್ಲ ನಡೆಯುವುದು ಎಳೆಯ ಹಂದಿಯ ಆರೋಗ್ಯವಂತ ನಾಳದಲ್ಲಿ. ಅಲ್ಲಿ ಪ್ಲಾಕ್ ಇರುವುದಿಲ್ಲ, ಸುಣ್ಣಗಟ್ಟಿರುವುದಿಲ್ಲ, ಮಧುಮೇಹವಾಗಲಿ ಬೀಡಿ ಸಿಗರೇಟಿನ ಹಾನಿಯಾಗಲಿ ಇರುವುದಿಲ್ಲ. ಅಂತಹ ನಾಳ ಮನುಷ್ಯರ ರೋಗಗ್ರಸ್ತ ನಾಳಕ್ಕಿಂತ ಹಲವು ಪಟ್ಟು ವೇಗವಾಗಿ ಮಾಯುತ್ತದೆ. ಔಷಧವಿಲ್ಲದ ಲೋಹದ ಸ್ಟೆಂಟಿನ ಮೇಲೆ ಹಂದಿಯಲ್ಲಿ 28 ದಿನಗಳಲ್ಲಿ ಪೂರ್ಣವಾಗುವ ಒಳಪೊರೆ ಮನುಷ್ಯರಲ್ಲಿ ಪೂರ್ಣವಾಗಲು ತಿಂಗಳುಗಳೇ ಬೇಕು, ಔಷಧಲೇಪಿತ ಸ್ಟೆಂಟ್ ಆದರೆ ಇನ್ನೂ ಹೆಚ್ಚು ಕಾಲ. ನೀವು ಓದಿದ "ಒಂದು ತಿಂಗಳು" ಎಂಬ ಮಾತಿನ ಮೂಲ ಇದು.

ಹಂದಿಯ ಪ್ರಯೋಗದ ಬಲವೂ ಮಿತಿಯೂ ಒಟ್ಟಿಗೇ ಕಾಣುವುದು ಔಷಧಲೇಪಿತ ಸ್ಟೆಂಟಿನ ಚರಿತ್ರೆಯಲ್ಲಿ. ಸಿರೊಲಿಮಸ್ ಎಂಬ ಔಷಧದ ಮೂಲ 1964ರಲ್ಲಿ ಈಸ್ಟರ್ ದ್ವೀಪದಿಂದ ತಂದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಾಣು. ಅದನ್ನು ಬೇರ್ಪಡಿಸಿ ಅಭ್ಯಸಿಸಿದವರು ಅವಿಭಜಿತ ಭಾರತದಲ್ಲಿ ಹುಟ್ಟಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಕೆಲಸ ಮಾಡುತ್ತಿದ್ದ ಸುರೇಂದ್ರನಾಥ ಸೆಹಗಲ್. ಮೂತ್ರಪಿಂಡದ ಕಸಿಯನ್ನು ದೇಹ ತಿರಸ್ಕರಿಸದಂತೆ ತಡೆಯಲು ಬಳಕೆಗೆ ಬಂದ ಈ ಔಷಧ ಸ್ನಾಯುಕೋಶಗಳ ವಿಭಜನೆಯನ್ನೂ ನಿಲ್ಲಿಸುತ್ತದೆ ಎಂಬುದು ಪ್ರಯೋಗಾಲಯದ ಪಾತ್ರೆಯಲ್ಲಿ ಮೊದಲು ಕಂಡಿತು, 1999ರಲ್ಲಿ ಹಂದಿಯ ಹೃದಯನಾಳದಲ್ಲಿ ದೃಢಪಟ್ಟಿತು. ಅದೇ ವರ್ಷದ ಕೊನೆಗೆ ಬ್ರೆಜಿಲ್ಲಿನ ಸಾವೊ ಪೌಲೊದಲ್ಲಿ ಎಡ್ವರ್ಡೊ ಸೌಸಾ ಅವರು ಮೊದಲ ಬಾರಿಗೆ ರೋಗಿಗಳಿಗೆ ಸಿರೊಲಿಮಸ್ ಲೇಪಿತ ಸ್ಟೆಂಟ್ ಹಾಕಿದರು. 2002ರಲ್ಲಿ ಪ್ರಕಟವಾದ ರ‍್ಯಾವೆಲ್ ಎಂಬ ಅಧ್ಯಯನದ 238 ರೋಗಿಗಳಲ್ಲಿ, ಆರು ತಿಂಗಳ ಬಳಿಕ, ಸಾದಾ ಸ್ಟೆಂಟ್ ಹಾಕಿಸಿಕೊಂಡವರಲ್ಲಿ 26.6 ಪ್ರತಿಶತ ಮಂದಿಗೆ ನಾಳ ಮತ್ತೆ ಕಿರಿದಾಗಿತ್ತು, ಔಷಧಲೇಪಿತ ಸ್ಟೆಂಟ್ ಪಡೆದವರಲ್ಲಿ ಒಬ್ಬರಿಗೂ ಆಗಿರಲಿಲ್ಲ. ಹೃದಯಚಿಕಿತ್ಸೆಯಲ್ಲಿ ಇಷ್ಟು ಸ್ವಚ್ಛವಾದ ಫಲಿತಾಂಶ ಅಪರೂಪ.

ಆದರೆ ಹಂದಿಗಳಲ್ಲಿ 28 ದಿನಗಳಾಚೆಗೂ ನೋಡಿದವರಿಗೆ ಬೇರೆ ಚಿತ್ರ ಕಾಣುತ್ತಿತ್ತು. 2004ರಲ್ಲಿ ಪ್ರಕಟವಾದ ಒಂದು ದೀರ್ಘಾವಧಿಯ ಅಧ್ಯಯನದಲ್ಲಿ 30ನೆಯ ದಿನ ಕಂಡಿದ್ದ ಪ್ರಯೋಜನ 90 ಮತ್ತು 180ನೆಯ ದಿನಗಳಲ್ಲಿ ಉಳಿದಿರಲಿಲ್ಲ, ಎಳೆಗಳ ಸುತ್ತ ಉರಿಯೂತವೂ ಇತ್ತು. ಔಷಧವನ್ನು ಹಿಡಿದಿಡುವ, ಪ್ಲಾಸ್ಟಿಕ್ಕಿನಂತಹ ಪಾಲಿಮರ್ ಲೇಪನಗಳು ಹಂದಿಯ ನಾಳದಲ್ಲಿ ತೀವ್ರ ಉರಿಯೂತ ಉಂಟುಮಾಡಬಲ್ಲವು ಎಂದು 1996ರಲ್ಲೇ ಯುರೋಪ್ ಮತ್ತು ಅಮೆರಿಕದ ಸಂಶೋಧಕರು ಎಚ್ಚರಿಸಿದ್ದರು. ಮನುಷ್ಯರಲ್ಲಿ ನಾಳ ಮತ್ತೆ ಕಿರಿದಾಗಲಿಲ್ಲ, ಆ ವಿಷಯದಲ್ಲಿ ಹಂದಿಯ ದೀರ್ಘಾವಧಿಯ ಫಲಿತಾಂಶ ಅನಗತ್ಯವಾಗಿ ಹೆದರಿಸಿತ್ತು. ಉರಿಯೂತದ ವಿಷಯದಲ್ಲಿ ಮಾತ್ರ ಅದು ನಿಜವನ್ನೇ ಹೇಳಿತ್ತು. ಭಾರತ ಮೂಲದ ರೋಗಶಾಸ್ತ್ರಜ್ಞೆ ರೇಣು ವಿರ್ಮಾನಿ ಮತ್ತು ಸಂಗಡಿಗರು 2004ರಲ್ಲಿ, ಸ್ಟೆಂಟ್ ಹಾಕಿಸಿಕೊಂಡ 18 ತಿಂಗಳ ನಂತರ ಅದರೊಳಗೆ ರಕ್ತ ಹೆಪ್ಪುಗಟ್ಟಿ ಸತ್ತ ಒಬ್ಬ ರೋಗಿಯ ನಾಳವನ್ನು ಪರೀಕ್ಷಿಸಿ, ಅಲ್ಲಿ ಪಾಲಿಮರಿಗೆ ಪ್ರತಿಯಾಗಿ ಎದ್ದಂತಿದ್ದ ಅಲರ್ಜಿ ಸ್ವರೂಪದ ಉರಿಯೂತವನ್ನು ವರದಿ ಮಾಡಿದರು. 2006ರ ಹೊತ್ತಿಗೆ ಶವಪರೀಕ್ಷೆಗಳ ಆಧಾರದ ಮೇಲೆ, ಔಷಧಲೇಪಿತ ಸ್ಟೆಂಟ್‌ಗಳ ಮೇಲೆ ಒಳಪೊರೆ ಬೆಳೆಯಲು ಬಹಳ ತಡವಾಗುತ್ತದೆ ಎಂಬುದು ಸ್ಪಷ್ಟವಾಯಿತು. ಆ ಪಾಠದಿಂದಲೇ ಎರಡನೆಯ ತಲೆಮಾರಿನ ಸ್ಟೆಂಟ್‌ಗಳು ಹುಟ್ಟಿದವು: ಮೊದಲ ಸಿರೊಲಿಮಸ್ ಸ್ಟೆಂಟಿನ ಎಳೆಯ ದಪ್ಪ ಸುಮಾರು 140 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇದ್ದರೆ ನಂತರದವುಗಳಲ್ಲಿ ಅದು 80ರ ಆಸುಪಾಸಿಗೆ ಇಳಿಯಿತು, ಪಾಲಿಮರುಗಳು ರಕ್ತಕ್ಕೆ ಹೆಚ್ಚು ಹೊಂದಿಕೊಳ್ಳುವಂಥವಾದವು. ಇಂದು ಸಾಮಾನ್ಯವಾಗಿ ಹಾಕುವ ಔಷಧಲೇಪಿತ ಸ್ಟೆಂಟ್‌ಗಳು ಈ ತಲೆಮಾರಿಗೆ ಅಥವಾ ಅದರ ನಂತರದ ತಲೆಮಾರಿಗೆ ಸೇರಿದವು. ಪ್ರಾಣಿಪ್ರಯೋಗದ ನಿಜವಾದ ಉಪಕಾರ ಇಲ್ಲಿದೆ ಎಂದು ನಾನು ನಂಬುತ್ತೇನೆ. ಒಂದು ಸಾಧನ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದನ್ನು ಹೇಳುವುದಕ್ಕಿಂತ, ಅದು ಎಲ್ಲಿ ತೊಂದರೆ ಕೊಡಬಹುದು ಎಂಬುದನ್ನು ಹಂದಿ ಹೆಚ್ಚು ಪ್ರಾಮಾಣಿಕವಾಗಿ ಹೇಳುತ್ತದೆ.

ಈಗ ನೀವು ಕೇಳಿದ ಕರಗುವ ಸ್ಟೆಂಟ್. ನಾಳ ಮಾಯಲು ಬೇಕಾದ ಕೆಲವು ತಿಂಗಳು ಮಾತ್ರ ಆಸರೆ ಕೊಟ್ಟು, ಆಮೇಲೆ ಲೋಹದ ಕುರುಹೇ ಉಳಿಯದಂತೆ ಮರೆಯಾಗುವ ಸ್ಟೆಂಟ್ ಎಂಬ ಕಲ್ಪನೆ ನಿಜಕ್ಕೂ ಆಕರ್ಷಕ. ಆಬ್ಸಾರ್ಬ್ ಎಂಬ ಸಾಧನ ಈ ಕಲ್ಪನೆಯ ಅತ್ಯಂತ ಪ್ರಸಿದ್ಧ ರೂಪ. ಪಾಲಿಲ್ಯಾಕ್ಟಿಕ್ ಆಮ್ಲದಿಂದ ಮಾಡಿದ ಅದರ ಎಳೆಗಳು ಗಟ್ಟಿಯಾಗಿ ನಿಲ್ಲಬೇಕಾದರೆ ಸುಮಾರು 150 ಮೈಕ್ರಾನ್ ದಪ್ಪವಿರಬೇಕಿತ್ತು. ಹಂದಿಗಳಲ್ಲಿ ಅದನ್ನು 28 ದಿನಕ್ಕೇ ನಿಲ್ಲಿಸದೆ 4 ವರ್ಷಗಳವರೆಗೂ ಹಿಂಬಾಲಿಸಿದರು. ಎಳೆಗಳು ಕರಗಿ ಆ ಜಾಗದಲ್ಲಿ ಅಂಗಾಂಶ ತುಂಬಿಕೊಂಡಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರ ಜುಲೈನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಭಾರತದಲ್ಲೂ ಅದು ಮಾರಾಟದಲ್ಲಿತ್ತು. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿದಾಗ ಕರಗುವ ಸ್ಟೆಂಟ್‌ಗಳನ್ನೂ ಔಷಧಲೇಪಿತ ಸ್ಟೆಂಟ್‌ಗಳ ಜೊತೆಗೇ 29,600 ರೂಪಾಯಿಯ ಮಿತಿಯೊಳಗೆ ಸೇರಿಸಿತ್ತು. ಅದೇ ವರ್ಷ ನೆದರ್ಲೆಂಡ್ಸಿನ ಐಡಾ ಅಧ್ಯಯನ ಎರಡು ವರ್ಷಗಳ ಅಂಕಿಅಂಶವನ್ನು ಮುಂದಿಟ್ಟಿತು: ಸಾಧನದೊಳಗೆ ರಕ್ತ ಹೆಪ್ಪುಗಟ್ಟಿದ ಪ್ರಮಾಣ ಲೋಹದ ಸ್ಟೆಂಟಿನಲ್ಲಿ 0.9 ಪ್ರತಿಶತ, ಆಬ್ಸಾರ್ಬ್‌ನಲ್ಲಿ 3.5 ಪ್ರತಿಶತ. 2017ರ ಸೆಪ್ಟೆಂಬರಿನಲ್ಲಿ ತಯಾರಕರು ಮಾರಾಟವನ್ನು ನಿಲ್ಲಿಸಿದರು.

ಇಲ್ಲಿ ಹಂದಿಗಳನ್ನು ಗಮನಿಸಿದ ಅವಧಿ ಕಡಿಮೆಯಾಗಿರಲಿಲ್ಲ ಎಂಬುದನ್ನು ಗಮನಿಸಿ. ಕೊರತೆಯಾದದ್ದು ರೋಗ. ಹಂದಿಯ ಮೆತ್ತನೆಯ ನಾಳದಲ್ಲಿ ದಪ್ಪ ಎಳೆಗಳು ಗೋಡೆಗೆ ಒತ್ತಿ ಕೂತು ಬೇಗನೆ ಅಂಗಾಂಶದಡಿ ಹೂತುಹೋದವು, ಆಮೇಲೆ ಅವು ಎಲ್ಲಿ ಮುರಿದರೂ ಅಪಾಯವಿರಲಿಲ್ಲ. ಮನುಷ್ಯನ ಸುಣ್ಣಗಟ್ಟಿದ, ಏರುಪೇರಾದ ನಾಳದಲ್ಲಿ ಕೆಲವು ಎಳೆಗಳು ಗೋಡೆಯಿಂದ ದೂರವೇ ಉಳಿದು ರಕ್ತದ ಹರಿವಿನಲ್ಲಿ ಬತ್ತಲಾಗಿ ನಿಂತವು. ವರ್ಷ ಎರಡು ವರ್ಷಗಳ ಬಳಿಕ ಅವು ಬಿಡಿಬಿಡಿಯಾಗಿ ಕಳಚತೊಡಗಿದಾಗ ಅದೇ ಜಾಗ ರಕ್ತ ಹೆಪ್ಪುಗಟ್ಟಲು ನೆಲೆಯಾಯಿತು. ಈಗ ಇನ್ನೂ ತೆಳುವಾದ ಎಳೆಗಳ ಸಾಧನಗಳು, ಮೆಗ್ನೀಸಿಯಂ ಲೋಹದ ಸಾಧನಗಳು ಪ್ರಯೋಗದಲ್ಲಿವೆ, ಕೆಲವು ಬಳಕೆಗೂ ಬಂದಿವೆ. ಆದರೆ ನಿಮ್ಮ ತಂದೆಯವರ ಚಿಕಿತ್ಸೆಯನ್ನು ಅವುಗಳಿಗಾಗಿ ಮುಂದೂಡುವಷ್ಟು ಬಲವಾದ ಸಾಕ್ಷ್ಯ ಇಲ್ಲ.

ಪ್ರಾಣಿಗಳಲ್ಲಿ ಕಂಡದ್ದು ಮನುಷ್ಯರಲ್ಲಿ ನೇರವಾಗಿ ನಿಜವಾದ ಉದಾಹರಣೆಯೂ ಇದೆ, ಅದು ಔಷಧಲೇಪಿತ ಬಲೂನು. ಜರ್ಮನಿಯ ಬ್ರೂನೊ ಶೆಲ್ಲರ್ ಮತ್ತು ಸಂಗಡಿಗರು ಕೋಶಗಳ ವಿಭಜನೆಯನ್ನು ತಡೆಯುವ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧ ಲೇಪಿಸಿದ ಬಲೂನನ್ನು ಒಂದು ನಿಮಿಷದಷ್ಟು ಮಾತ್ರ ಉಬ್ಬಿಸಿ ತೆಗೆದರೂ ಹಂದಿಯ ನಾಳದಲ್ಲಿ ಅಂಗಾಂಶದ ಅತಿ ಬೆಳವಣಿಗೆ ನಿಲ್ಲುತ್ತದೆ ಎಂದು 2004ರಲ್ಲಿ ತೋರಿಸಿದರು. 2006ರಲ್ಲಿ, ಹಳೆಯ ಸ್ಟೆಂಟ್ ಒಳಗೇ ಮತ್ತೆ ಕಿರಿದಾಗಿದ್ದ 52 ರೋಗಿಗಳಲ್ಲಿ ಅದು ನಿಜವಾಯಿತು. ಅಷ್ಟು ಕಡಿಮೆ ಹೊತ್ತಿನ ಸ್ಪರ್ಶದಲ್ಲಿ ಔಷಧ ಗೋಡೆಗೆ ಇಳಿಯುತ್ತದೆಯೇ, ಇಳಿದರೆ ಸ್ನಾಯುಕೋಶಗಳನ್ನು ತಡೆಯುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. ಈ ಪ್ರಶ್ನೆಗೆ ಉತ್ತರಿಸಲು ಹಂದಿಯ ಆರೋಗ್ಯವಂತ ನಾಳವೇ ಸಾಕಾಗಿತ್ತು.

ಪ್ಲಾಕ್ ಕರಗಿಸುವ ಮಾತಿಗೆ ಬಂದರೆ ದೂರ ಇನ್ನೂ ಹೆಚ್ಚು. ಪ್ಲಾಕ್ ಎಂದರೆ ನೀರಿನ ಪೈಪಿನ ಒಳಮೈಗೆ ಅಂಟಿದ ಪಾಚಿಯ ಹಾಗೆ ಉಜ್ಜಿ ತೆಗೆಯಬಹುದಾದ ವಸ್ತು ಎಂಬ ಕಲ್ಪನೆ ನಮ್ಮಲ್ಲಿ ವ್ಯಾಪಕವಾಗಿದೆ. ವಾಸ್ತವದಲ್ಲಿ ಅದು ನಾಳದ ಗೋಡೆಯ ಒಳಗೇ, ಒಳಪೊರೆಯ ಕೆಳಗೆ ಬೆಳೆಯುವ ಜೀವಂತ ರೋಗ: ಕೊಲೆಸ್ಟೆರಾಲ್ ನುಂಗಿ ಉಬ್ಬಿದ ಬಿಳಿ ರಕ್ತಕೋಶಗಳು, ಸತ್ತ ಕೋಶಗಳ ತಿರುಳು, ಅದರ ಮೇಲೊಂದು ನಾರಿನ ಹೊದಿಕೆ, ನಡುನಡುವೆ ಸುಣ್ಣ. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟೆರಾಲ್ ತಿನ್ನಿಸಿ ಈ ರೋಗವನ್ನು ಮೊದಲ ಬಾರಿಗೆ ಉಂಟುಮಾಡಿದರು. 1992ರಲ್ಲಿ, ರಕ್ತದಿಂದ ಕೊಲೆಸ್ಟೆರಾಲನ್ನು ತೆರವುಗೊಳಿಸಲು ಬೇಕಾದ ಅಪೊ-ಇ ಎಂಬ ಜೀನ್ ಇಲ್ಲದ ಇಲಿಗಳನ್ನು ಸೃಷ್ಟಿಸಿದ ಮೇಲೆ ಸಂಶೋಧನೆಯ ಬಹುಭಾಗ ಅವುಗಳಲ್ಲೇ ನಡೆಯುತ್ತಿದೆ. ಮೊಲದಲ್ಲಿ ವಾರಗಳಲ್ಲಿ, ಇಲಿಯಲ್ಲಿ ಕೆಲವೇ ತಿಂಗಳಲ್ಲಿ ಕಾಣಿಸಿಕೊಳ್ಳುವ ಈ ಪ್ಲಾಕ್ ಬಹುಪಾಲು ಕೊಬ್ಬು ತುಂಬಿದ ಕೋಶಗಳ ರಾಶಿ, ಅದೂ ಹೆಚ್ಚಾಗಿ ಮಹಾಪಧಮನಿಯಲ್ಲಿ. ಮನುಷ್ಯನ ಹೃದಯನಾಳದಲ್ಲಿ ಮೂವತ್ತು ನಲವತ್ತು ವರ್ಷ ಬೆಳೆದ ನಾರು ಮತ್ತು ಸುಣ್ಣ ಅಲ್ಲಿಲ್ಲ. ಮನುಷ್ಯರಲ್ಲಿ ಹೃದಯಾಘಾತಕ್ಕೆ ಕಾರಣವಾಗುವ, ಹೊದಿಕೆ ಒಡೆದು ರಕ್ತ ಹೆಪ್ಪುಗಟ್ಟುವ ಘಟನೆಯೂ ಇಲಿಗಳಲ್ಲಿ ಅಪರೂಪ. ಎಳೆಯದಾದ, ಮೆತ್ತನೆಯ ಪ್ಲಾಕ್ ಇಲಿಯಲ್ಲಿ ಕರಗಿತು ಎಂಬುದು ನಿಜವಾದ ಸುದ್ದಿಯೇ, ಆದರೆ ನಿಮ್ಮ ತಂದೆಯವರ ನಾಳದಲ್ಲಿರುವುದು ಆ ಪ್ಲಾಕ್ ಅಲ್ಲ.

ಜೀವರಸಾಯನದ ವ್ಯತ್ಯಾಸವೂ ಇದೆ. ಒಳ್ಳೆಯ ಕೊಲೆಸ್ಟೆರಾಲ್ ಕಣದಿಂದ ಕೆಟ್ಟದಕ್ಕೆ ಕೊಬ್ಬನ್ನು ಸಾಗಿಸುವ ಸಿಇಟಿಪಿ ಎಂಬ ಪ್ರೋಟೀನು ಇಲಿಗಳಲ್ಲಿ ಸಹಜವಾಗಿ ಇರುವುದೇ ಇಲ್ಲ, ಮೊಲಗಳಲ್ಲಿ ಹೇರಳವಾಗಿದೆ. ಅದನ್ನು ತಡೆಯುವ ಒಂದು ಔಷಧ ಮೊಲಗಳಲ್ಲಿ ರೋಗವನ್ನು ಕುಗ್ಗಿಸಿತು ಎಂದು 2000ದಲ್ಲಿ ವರದಿಯಾಯಿತು; ಡಾಲ್ಸೆಟ್ರಪಿಬ್ ಎಂಬ ಹೆಸರು ಪಡೆದ ಅದೇ ಔಷಧ 2012ರಲ್ಲಿ, 15,000ಕ್ಕೂ ಹೆಚ್ಚು ಹೃದ್ರೋಗಿಗಳ ಅಧ್ಯಯನದಲ್ಲಿ ಯಾವ ರಕ್ಷಣೆಯನ್ನೂ ಕೊಡಲಿಲ್ಲ. ಒಳ್ಳೆಯ ಕೊಲೆಸ್ಟೆರಾಲಿನ ಮುಖ್ಯ ಪ್ರೋಟೀನನ್ನು ನೇರವಾಗಿ ರಕ್ತಕ್ಕೆ ಹರಿಸುವ ಪ್ರಯತ್ನವೂ ಪ್ರಾಣಿಗಳಲ್ಲಿ ದಶಕಗಳ ಕಾಲ ಆಸೆ ಹುಟ್ಟಿಸಿ, 2024ರಲ್ಲಿ 18,000ಕ್ಕೂ ಮೀರಿದ ರೋಗಿಗಳ ಪರೀಕ್ಷೆಯಲ್ಲಿ ತನ್ನ ಮುಖ್ಯ ಗುರಿ ತಲುಪಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಕೊಲೆಸ್ಟೆರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಕಥೆ. ಜಪಾನಿನ ಅಕಿರಾ ಎಂಡೊ 1973ರಲ್ಲಿ ಒಂದು ಬೂಷ್ಟಿನಿಂದ ಪಡೆದ ಮೊದಲ ಸ್ಟ್ಯಾಟಿನ್, ಇಲಿಗಳ ಕೊಲೆಸ್ಟೆರಾಲನ್ನು ಇಳಿಸಲೇ ಇಲ್ಲ. ಇಲಿಯ ಮಾತನ್ನು ಕೊನೆಯ ಮಾತೆಂದು ತೆಗೆದುಕೊಂಡಿದ್ದರೆ ಸಂಶೋಧನೆ ಅಲ್ಲಿಗೇ ಮುಗಿಯುತ್ತಿತ್ತು. ಎಂಡೊ ಮತ್ತು ಸಂಗಡಿಗರು ಅದನ್ನು ಮೊಟ್ಟೆಯಿಡುವ ಕೋಳಿಗಳಿಗೆ ಕೊಟ್ಟು ನೋಡಿದರು, ಬಳಿಕ ನಾಯಿಗಳಿಗೆ. ಎರಡರಲ್ಲೂ ಕೊಲೆಸ್ಟೆರಾಲ್ ಸ್ಪಷ್ಟವಾಗಿ ಇಳಿಯಿತು. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳಲ್ಲಿ ಅದೇ ವರ್ಗದ ಸಿಮ್ವಾಸ್ಟ್ಯಾಟಿನ್ ಸಾವಿನ ಪ್ರಮಾಣವನ್ನು 30 ಪ್ರತಿಶತ ತಗ್ಗಿಸಿತು. ಇಷ್ಟೊಂದು ಜೀವಗಳನ್ನು ಉಳಿಸಿದ ಔಷಧವೊಂದು ಇಲಿಯ ಪಂಜರದಲ್ಲೇ ಕೊನೆಗೊಳ್ಳಬಹುದಾಗಿತ್ತು ಎಂಬುದನ್ನು ನೆನೆದಾಗಲೆಲ್ಲ, ಸರಿಯಾದ ಪ್ರಾಣಿಯನ್ನು ಆರಿಸುವುದು ಎಷ್ಟು ಗಂಭೀರವಾದ ಕೆಲಸ ಎಂಬುದು ಮನಸ್ಸಿಗೆ ನಾಟುತ್ತದೆ. ಕಾಟಾಚಾರಕ್ಕೆ ರೂಪಿಸಿದ ಪ್ರಯೋಗದಲ್ಲಿ ಪ್ರಾಣಿಗಳ ಜೀವವೂ ವ್ಯರ್ಥ, ರೋಗಿಗಳ ನಿರೀಕ್ಷೆಯೂ ವ್ಯರ್ಥ.

ಹಾಗಾದರೆ ಪ್ಲಾಕ್ ಕುಗ್ಗುವುದೇ ಇಲ್ಲವೇ ಎಂದರೆ, ಕುಗ್ಗುತ್ತದೆ, ಅದೂ ಈಗಾಗಲೇ ಔಷಧದ ಅಂಗಡಿಯಲ್ಲಿ ಸಿಗುವ ಔಷಧಗಳಿಂದ. 2006ರ ಆಸ್ಟೆರಾಯ್ಡ್ ಅಧ್ಯಯನದಲ್ಲಿ ಎರಡು ವರ್ಷ ದಿನಕ್ಕೆ 40 ಮಿಲಿಗ್ರಾಂ ರೊಸುವಾಸ್ಟ್ಯಾಟಿನ್ ತೆಗೆದುಕೊಂಡವರ ಹೃದಯನಾಳದಲ್ಲಿ ಪ್ಲಾಕ್ ಆಕ್ರಮಿಸಿದ್ದ ಪಾಲು ಸುಮಾರು ಒಂದು ಪ್ರತಿಶತ ಅಂಶದಷ್ಟು ಇಳಿಯಿತು. 2016ರಲ್ಲಿ, ಕೆಟ್ಟ ಕೊಲೆಸ್ಟೆರಾಲನ್ನು ಹೆಚ್ಚಿಸುವ ಪಿಸಿಎಸ್‌ಕೆ9 ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದನ್ನು ಸ್ಟ್ಯಾಟಿನ್ ಜೊತೆ ಕೊಟ್ಟಾಗಲೂ ಇಳಿಕೆ ಅಷ್ಟೇ ಪ್ರಮಾಣದ್ದು. ಸಂಖ್ಯೆ ಸಣ್ಣದೆಂದು ನಿರಾಶರಾಗಬೇಡಿ. ಕೆಟ್ಟ ಕೊಲೆಸ್ಟೆರಾಲ್ ಚೆನ್ನಾಗಿ ಇಳಿದಾಗ ಪ್ಲಾಕಿನ ಗಾತ್ರಕ್ಕಿಂತ ಹೆಚ್ಚಾಗಿ ಅದರ ಗುಣ ಬದಲಾಗುತ್ತದೆ: ಒಳಗಿನ ಕೊಬ್ಬು ಕುಗ್ಗಿ ಮೇಲಿನ ನಾರಿನ ಹೊದಿಕೆ ದಪ್ಪವಾಗುತ್ತದೆ, ಒಡೆಯುವ ಸಾಧ್ಯತೆ ತಗ್ಗುತ್ತದೆ. ಹೃದಯಾಘಾತವನ್ನು ತಡೆಯುವುದು ಆ ಬದಲಾವಣೆಯೇ.

ಆದ್ದರಿಂದ ಅರ್ಧದಷ್ಟು ಬ್ಲಾಕ್ ಇರುವ ಎರಡನೆಯ ನಾಳಕ್ಕೆ ಮಾತ್ರೆಯನ್ನೇ ಮುಂದುವರಿಸೋಣ ಎಂದಿರುವುದು ನಿರ್ಲಕ್ಷ್ಯವಲ್ಲ. ತಂದೆಯವರ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟೆರಾಲ್, ಎಷ್ಟಿದೆ ಎಂದು ವೈದ್ಯರನ್ನು ಕೇಳಿ. ಹೃದಯಾಘಾತವಾದವರಲ್ಲಿ ಅದನ್ನು ಪ್ರತಿ ಡೆಸಿಲೀಟರ್ ರಕ್ತಕ್ಕೆ 55 ಮಿಲಿಗ್ರಾಂಗಿಂತ ಕೆಳಗೆ ಇಳಿಸಬೇಕೆಂದು ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಸ್ಟ್ಯಾಟಿನ್ ಒಂದರಿಂದಲೇ ಅಷ್ಟಾಗದಿದ್ದರೆ ಎಝೆಟಿಮೈಬ್ ಎಂಬ ಕೊಲೆಸ್ಟೆರಾಲಿನ ಇನ್ನೊಂದು ಮಾತ್ರೆಯನ್ನು ಸೇರಿಸುವುದು ಮುಂದಿನ ಹೆಜ್ಜೆ. ಎದೆನೋವು ಮರುಕಳಿಸಿದರೆ, ಆ ನಾಳದಲ್ಲಿ ಬ್ಲಾಕಿನಿಂದ ನಿಜವಾಗಿಯೂ ರಕ್ತದ ಹರಿವು ಕುಂದಿದೆಯೇ ಎಂದು ಒತ್ತಡ ಅಳೆಯುವ ತಂತಿಯಿಂದ ಪರೀಕ್ಷಿಸಿ, ಅಗತ್ಯವಿದ್ದರೆ ಇಂದು ಲಭ್ಯವಿರುವ ಸ್ಟೆಂಟನ್ನೇ ಹಾಕಿಸಿ.

ಹೃದಯಾಘಾತದ ನಂತರ ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್‌ನಂತಹ ಇನ್ನೊಂದು ಮಾತ್ರೆಯನ್ನು ಸಾಮಾನ್ಯವಾಗಿ 12 ತಿಂಗಳು ಕೊಡುತ್ತಾರೆ, ನಿಮ್ಮ ತಂದೆಯವರಿಗೆ ಇನ್ನೂ ಎಂಟು ತಿಂಗಳಷ್ಟೇ ಆಗಿದೆ. ರಕ್ತಸ್ರಾವದ ಅಪಾಯ ಹೆಚ್ಚಿರುವವರಿಗೆ ಈ ಅವಧಿಯನ್ನು ವೈದ್ಯರು ಕಡಿಮೆ ಮಾಡುವುದುಂಟು, ಆದರೆ ಆ ತೀರ್ಮಾನ ಮನುಷ್ಯರ ಮೇಲೆ ನಡೆದ ಅಧ್ಯಯನಗಳನ್ನೂ ಅವರ ಸ್ವಂತ ವರದಿಗಳನ್ನೂ ನೋಡಿ ಆಗಬೇಕಾದದ್ದು. ಹಲ್ಲು ಕೀಳಿಸಲು ಅಥವಾ ಬೇರೆ ಶಸ್ತ್ರಚಿಕಿತ್ಸೆಗೆಂದು ಯಾರಾದರೂ ಮಾತ್ರೆ ನಿಲ್ಲಿಸಲು ಹೇಳಿದರೂ, ಸ್ಟೆಂಟ್ ಹಾಕಿದ ಹೃದ್ರೋಗತಜ್ಞರನ್ನು ಕೇಳದೆ ನಿಲ್ಲಿಸಬೇಡಿ. ಕಪ್ಪಗಿನ ಮಲ, ನಿಲ್ಲದ ಮೂಗಿನ ರಕ್ತಸ್ರಾವ ಕಂಡರೆ ಮಾತ್ರ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ಅವರನ್ನು ಸಂಪರ್ಕಿಸಿ.